ಗಡಿಯಾರದ ಡಿಸ್ಪ್ಲೇ ಬೆಳಕು ತಗ್ಗಿಸಿದರೆ ಅಂಕಿಗಳು ಮಿಟುಕುತ್ತವೆ, ಪಿಡಬ್ಲ್ಯುಎಂ (ವೇಗವಾಗಿ ಹಚ್ಚಿ ಆರಿಸಿ ಬೆಳಕು ತಗ್ಗಿಸುವ ವಿಧಾನ) ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ

ಆರ್ಡುಯಿನೋ ಊನೋ (ಮೈಕ್ರೋಕಂಟ್ರೋಲರ್ ಬೋರ್ಡ್), ನಾಲ್ಕಂಕಿಯ ಕೆಂಪು ಸೆವೆನ್ ಸೆಗ್ಮೆಂಟ್ ಡಿಸ್ಪ್ಲೇ (ಕಾಮನ್ ಆನೋಡ್, ಅಂದರೆ ಒಂದು ಅಂಕಿಯ ಎಲ್ಲ ಸೆಗ್ಮೆಂಟ್‌ಗಳಿಗೆ ಪ್ಲಸ್ ಕಾಲು ಒಂದೇ), ಸೆಗ್ಮೆಂಟ್‌ಗಳಿಗೆ ಒಂದು 74ಎಚ್‌ಸಿ595 (ಶಿಫ್ಟ್ ರಿಜಿಸ್ಟರ್ ಚಿಪ್), ಅಂಕಿಗೊಂದರಂತೆ ಬಿಸಿ557 ಟ್ರಾನ್ಸಿಸ್ಟರ್. ಒಂದು ಸಲಕ್ಕೆ ಒಂದೇ ಅಂಕಿ ಬೆಳಗುತ್ತದೆ. ಟೈಮರ್1 ಇಂಟರಪ್ಟ್‌ನಲ್ಲಿ (ಟೈಮರ್ ಕರೆದಾಗ ನಡೆಯುವ ಕೋಡ್) 2 ಮಿಲಿಸೆಕೆಂಡಿಗೊಮ್ಮೆ ಮುಂದಿನ ಅಂಕಿಗೆ ಹೋಗುತ್ತದೆ. ರಾತ್ರಿ ಬೆಳಕು ತಗ್ಗಿಸಲು 595ರ ಓಇ (ಔಟ್‌ಪುಟ್ ಹಚ್ಚಿ ಆರಿಸುವ ಕಾಲು), ಅಂದರೆ 13ನೇ ಕಾಲನ್ನು ಊನೋದ 3ನೇ ಪಿನ್ನಿಗೆ ಕೊಟ್ಟು ಅನಲಾಗ್‌ರೈಟ್ (0ರಿಂದ 255ರವರೆಗೆ ಪಿಡಬ್ಲ್ಯುಎಂ ಕೊಡುವ ಆಜ್ಞೆ) ಮಾಡಿದ್ದೇನೆ. ಓಇ ತಲೆಕೆಳಗು, 255 ಕೊಟ್ಟರೆ ಪೂರ್ತಿ ಕತ್ತಲು. ಅರ್ಧ ಬೆಳಕಿನವರೆಗೆ ಚೆನ್ನಾಗಿದೆ. 240 ದಾಟಿದರೆ ಅಂಕಿಗಳು ಒಂದಾದ ಮೇಲೊಂದು ಮಿಟುಕುತ್ತವೆ, 250ರಲ್ಲಿ ನೋಡಲಾಗುವುದಿಲ್ಲ. ಕೆಪಾಸಿಟರ್ ಹಾಕಿದರೂ ಪವರ್ ಸಪ್ಲೈ ಬದಲಿಸಿದರೂ ಹಾಗೇ ಇದೆ.

ಉತ್ತರ 1

ಪವರ್ ಸಪ್ಲೈ ಬಿಡಿ, ಅದರ ತಪ್ಪಿಲ್ಲ. ಎರಡು ತಾಳ ಹೊಂದುತ್ತಿಲ್ಲ, ಅಷ್ಟೇ. 3ನೇ ಪಿನ್ನಿನ ಪಿಡಬ್ಲ್ಯುಎಂ ಸುಮಾರು 490 ಹರ್ಟ್ಸ್. 16 ಮೆಗಾಹರ್ಟ್ಸನ್ನು 64ರಿಂದ, ಆಮೇಲೆ 510ರಿಂದ ಭಾಗಿಸಿ ನೋಡಿ: ಒಂದು ಸುತ್ತಿಗೆ 2.04 ಮಿಲಿಸೆಕೆಂಡ್. ನಿಮ್ಮ ಒಂದು ಅಂಕಿಯ ಸರದಿ 2.00. ಪ್ರತಿ ಸರದಿಗೂ ಪಲ್ಸ್ 0.04 ಹಿಂದೆ ಬೀಳುತ್ತಾ ಹೋಗಿ, 51 ಸರದಿ ಮುಗಿಯುವಷ್ಟರಲ್ಲಿ 50 ಪಲ್ಸ್ ಮಾತ್ರ ಬಂದಿರುತ್ತವೆ. 250 ಕೊಟ್ಟಾಗ ಬೆಳಗುವ ಪಲ್ಸಿನ ಅಗಲವೇ 0.04 ಮಿಲಿಸೆಕೆಂಡ್! ಹಾಗಾಗಿ 102 ಮಿಲಿಸೆಕೆಂಡಿಗೊಮ್ಮೆ ಒಂದು ಸರದಿಯಷ್ಟು ಬೆಳಕು ಪೂರ್ತಿ ಮಾಯ. 51ನ್ನು 4ರಿಂದ ಭಾಗಿಸಿದರೆ ಶೇಷ 3, ಅದಕ್ಕೇ ಮಿಟುಕು ಪ್ರತಿ ಸಲ ಪಕ್ಕದ ಅಂಕಿಗೆ ಸರಿಯುತ್ತದೆ. ಅರ್ಧ ಬೆಳಕಿನಲ್ಲೂ ಕೆಲವು ಸರದಿಗಳಿಗೆ ಇದೇ 0.04 ಖೋತಾ ಆಗುತ್ತದೆ, ಆದರೆ 1.02ರಲ್ಲಿ ಅಷ್ಟು ಹೋದರೆ ಕಣ್ಣಿಗೆ ಗೊತ್ತಾಗದು.

ತಕ್ಷಣದ ಪರಿಹಾರ: 3ನೇ ಪಿನ್ನನ್ನು ನಡೆಸುವ ಟೈಮರ್2ರ ವೇಗ ನಿಗದಿಸುವ ಟಿಸಿಸಿಆರ್2ಬಿ ರಿಜಿಸ್ಟರಿನ ಕೊನೆಯ ಮೂರು ಬಿಟ್‌ಗಳನ್ನು 001 ಮಾಡಿ. ಪಿಡಬ್ಲ್ಯುಎಂ 31.37 ಕಿಲೋಹರ್ಟ್ಸಿಗೆ ಏರುತ್ತದೆ. ಒಂದು ಸರದಿಗೆ 62 ಪಲ್ಸ್ ಸಿಗುತ್ತವೆ, ಒಂದು ಹೆಚ್ಚುಕಮ್ಮಿಯಾದರೆ ವ್ಯತ್ಯಾಸ ಶೇ. 2ಕ್ಕಿಂತ ಕಡಿಮೆ. ಇದನ್ನೇ 5 ಅಥವಾ 6ನೇ ಪಿನ್ನಿನಲ್ಲಿ ಮಾಡಬೇಡಿ. ಅವು ಟೈಮರ್0 ಮೇಲಿವೆ, ಸಮಯ ಎಣಿಸುವ ಮಿಲಿಸ್ ಮತ್ತು ಡಿಲೇ ಎರಡೂ ಕೆಡುತ್ತವೆ.

ಉತ್ತರ 2

ಮೇಲಿನದು ಕೆಲಸ ಮಾಡುತ್ತದೆ. ಆದರೆ ನನ್ನ ಮಟ್ಟಿಗೆ ಬೇರೆ ಪಿಡಬ್ಲ್ಯುಎಂ ಬೇಕಾಗಿಯೇ ಇಲ್ಲ. ಸರದಿಯೊಳಗೇ ಇಂತಿಷ್ಟು ಹೊತ್ತು ಬೆಳಗಿಸಿ ಆರಿಸಿದರೆ ಎರಡೂ ಒಂದೇ ಟೈಮರಿನಲ್ಲಿ ನಡೆಯುತ್ತವೆ, ಜಾರುವ ಪ್ರಶ್ನೆಯೇ ಬರುವುದಿಲ್ಲ.

ಟೈಮರ್1 ಸಿಟಿಸಿ ಮೋಡ್ (ಗುರಿ ಮುಟ್ಟಿ ಸೊನ್ನೆಗೆ ಮರಳುವ ಎಣಿಕೆ), ಪ್ರಿಸ್ಕೇಲರ್ (ಎಣಿಕೆಯ ವೇಗ ತಗ್ಗಿಸುವ ಭಾಜಕ) 8, ಓಸಿಆರ್1ಎ (ಆ ಗುರಿ) = 3999. ಒಂದು ಟಿಕ್ ಅಂದರೆ 0.5 ಮೈಕ್ರೋಸೆಕೆಂಡ್. ಎ ಇಂಟರಪ್ಟ್‌ನಲ್ಲಿ (ಎಣಿಕೆ ಓಸಿಆರ್1ಎ ಮುಟ್ಟಿದಾಗ) ಓಇ ಹೈ ಮಾಡಿ, ಹಳೆಯ ಅಂಕಿಯ ಟ್ರಾನ್ಸಿಸ್ಟರ್ ಆರಿಸಿ, ಹೊಸ ಬೈಟನ್ನು ಎಸ್‌ಪಿಐನಲ್ಲಿ (ಹಾರ್ಡ್‌ವೇರೇ ಬಿಟ್ ಕಳಿಸುವ ದಾರಿ) ತಳ್ಳಿ ಲ್ಯಾಚ್ ಮಾಡಿ (595ರ ಔಟ್‌ಪುಟ್‌ಗೆ ಇಳಿಸಿ), 20 ಮೈಕ್ರೋಸೆಕೆಂಡ್ ತಡೆದು ಹೊಸ ಟ್ರಾನ್ಸಿಸ್ಟರ್ ಹಾಕಿ, ಆಮೇಲೆ ಓಇ ಲೋ. ಆ ತಡೆ ಬಿಟ್ಟರೆ ಬಿಸಿ557 ಆರುವ ಮೊದಲೇ ಹೊಸ ಅಂಕಿ ಬಂದು ಪಕ್ಕದಲ್ಲಿ ಅದರ ಮಸುಕು ನೆರಳು ಕಾಣುತ್ತದೆ. ಸಾಫ್ಟ್‌ವೇರಿನಲ್ಲಿ ಬಿಟ್ ತಳ್ಳುವ ಶಿಫ್ಟ್‌ಔಟ್ ಬಳಸಬೇಡಿ, ಇಂಟರಪ್ಟ್‌ನೊಳಗೆ ಅದು ತೀರಾ ನಿಧಾನ. ಬಿ ಇಂಟರಪ್ಟ್‌ನಲ್ಲಿ (ಎಣಿಕೆ ಓಸಿಆರ್1ಬಿ ಮುಟ್ಟಿ ಬೆಳಗುವ ಹೊತ್ತು ಮುಗಿದಾಗ) ಓಇ ಮತ್ತೆ ಹೈ.

ಹಂತಗಳನ್ನು ಸಮಭಾಗ ಮಾಡಬೇಡಿ. ಕೆಳಗಿನ ಹಂತಗಳಲ್ಲಿ ಬೆಳಕು ಧುಮುಕಿದಂತೆ, ಮೇಲಿನವುಗಳಲ್ಲಿ ಏನೂ ಬದಲಾಗದಂತೆ ಕಾಣುತ್ತದೆ. 2.2 ಗಾಮಾ (ಹಂತಗಳು ಕಣ್ಣಿಗೆ ಸಮವಾಗಿ ಕಾಣಿಸುವ ಘಾತ) ಲೆಕ್ಕದಲ್ಲಿ ಎಂಟು ಹಂತಕ್ಕೆ ಟಿಕ್‌ಗಳು: 40, 185, 451, 849, 1387, 2071, 2907, 3900.

ಉತ್ತರ 3

ಬೋರ್ಡಿನ ಕಡೆಯೂ ನೋಡಿ. ರೆಸಿಸ್ಟರ್ ಸೆಗ್ಮೆಂಟಿಗೊಂದು ಇರಲೇಬೇಕು. ಕಾಮನ್ ಕಾಲಿಗೆ ಒಂದೇ ಹಾಕಿದರೆ 8 ಮಂಕು, 1 ಪ್ರಖರ, ಅದನ್ನು ಯಾವ ಪಿಡಬ್ಲ್ಯುಎಂ ಸರಿಮಾಡಲಾರದು. 330 ಓಮ್‌ಗೆ ಸೆಗ್ಮೆಂಟಿಗೆ ಸುಮಾರು 8 ಮಿಲಿಆಂಪ್, ಎಂಟಕ್ಕೆ 64. 595ರ ಒಟ್ಟು ಮಿತಿ 70, 330 ಓಮ್‌ಗಿಂತ ಕೆಳಗಿನ ರೆಸಿಸ್ಟರ್ ಬೇಡ. ಓಇಯಿಂದ 5 ವೋಲ್ಟಿಗೆ 10ಕೆ ಪುಲ್‌ಅಪ್ ರೆಸಿಸ್ಟರ್ ಹಾಕಿ, ಇಲ್ಲದಿದ್ದರೆ ರೀಸೆಟ್ ಆದಾಗಲೆಲ್ಲ ಕಸದ ಅಂಕಿಗಳು ಪೂರ್ಣ ಬೆಳಕಿನಲ್ಲಿ ಹೊಡೆಯುತ್ತವೆ. ಎಲ್‌ಡಿಆರ್ (ಬೆಳಕಿನ ಸಂವೇದಕ) ಇಡುವುದಾದರೆ ಡಿಸ್ಪ್ಲೇಯ ಬೆಳಕು ಅದಕ್ಕೆ ಬೀಳದ ಕಡೆ ಇಡಿ. ಬಿದ್ದರೆ ತನ್ನ ಬೆಳಕನ್ನೇ ಅಳೆದು ಏರಿಳಿಯುತ್ತಾ ಕೂರುತ್ತದೆ.

ಇಷ್ಟೆಲ್ಲ ಯಾಕೆ, ಟಿಎಂ1637 (ಡಿಸ್ಪ್ಲೇ ನಡೆಸುವ ಚಿಪ್) ಮಾಡ್ಯೂಲ್ ಹಾಕಿ ಅನ್ನುವವರಿದ್ದಾರೆ. ಹಗಲಿಗೆ ಸರಿ. ಅದರ ಎಂಟು ಹಂತಗಳಲ್ಲಿ ಅತಿ ಕೆಳಗಿನದು 1/16, ಅಂಥದೇ ಇನ್ನೊಂದು ಚಿಪ್ ಮ್ಯಾಕ್ಸ್7219ರದ್ದು 1/32. ಮೇಲಿನ ಪಟ್ಟಿಯ ಮೊದಲ ಹಂತ ಸರದಿಯ 1/100. ಮಲಗುವ ಕೋಣೆಯಲ್ಲಿ ಈ ವ್ಯತ್ಯಾಸವೇ ಮುಖ್ಯ.

ಪ್ರಶ್ನೆ ಕೇಳಿದವರು

ಉತ್ತರ 2ರಂತೆ ಮಾಡಿದೆ, ಮಿಟುಕು ಹೋಯಿತು. ಒಂದು ಉಳಿದಿದೆ: ಮೊದಲ ಹಂತದಲ್ಲಿ ಸೆಕೆಂಡಿಗೊಮ್ಮೆ ಯಾವುದಾದರೂ ಅಂಕಿ ಕೊಂಚ ಜಾಸ್ತಿ ಬೆಳಗುತ್ತದೆ. ಡಿಎಸ್3231 ಗಡಿಯಾರ ಚಿಪ್‌ನಿಂದ ಸಮಯ ಓದುವುದೂ ಸೆಕೆಂಡಿಗೊಮ್ಮೆ.

ಉತ್ತರ 2

ಕಾರಣ ಅದೇ. ಆ ಚಿಪ್ ಓದುವ ವೈರ್ ಲೈಬ್ರರಿಯ ಇಂಟರಪ್ಟ್ ನಡೆಯುತ್ತಿರುವಾಗ ಬಿ ಇಂಟರಪ್ಟ್ ಕೆಲವು ಮೈಕ್ರೋಸೆಕೆಂಡ್ ಕಾಯುತ್ತದೆ. 20ರ ಪಲ್ಸ್ 26 ಆದರೆ ಬೆಳಕು ಶೇ. 30 ಏರಿತು. ಆರಿಸುವ ಕೆಲಸವನ್ನು ಸಾಫ್ಟ್‌ವೇರಿನಿಂದ ತೆಗೆದು ಟೈಮರಿಗೇ ಕೊಡಿ: ಓಇಯನ್ನು 10ನೇ ಪಿನ್ನಿಗೆ, ಅಂದರೆ ಟೈಮರ್1 ನೇರವಾಗಿ ನಡೆಸುವ ಓಸಿ1ಬಿಗೆ ಸರಿಸಿ, ಔಟ್‌ಪುಟ್ ಮಾಡಿ. ಎ ಇಂಟರಪ್ಟ್‌ನ ಕೊನೆಯಲ್ಲಿ ಟಿಸಿಸಿಆರ್1ಎನಲ್ಲಿ ಕಾಂ1ಬಿ ಬಿಟ್‌ಗಳನ್ನು 10 (ಎಣಿಕೆ ಹೊಂದಿದಾಗ ಪಿನ್ ಲೋ) ಮಾಡಿ, ಟಿಸಿಸಿಆರ್1ಸಿಯ ಎಫ್‌ಓಸಿ1ಬಿ (ಕಾಯದೆ ಈಗಲೇ ಮಾಡು ಅನ್ನುವ ಬಿಟ್) ಬರೆದರೆ ಪಿನ್ ಲೋ ಆಗಿ ಅಂಕಿ ಬೆಳಗುತ್ತದೆ. ಕೂಡಲೇ ಓಸಿಆರ್1ಬಿಗೆ ಟಿಸಿಎನ್‌ಟಿ1 (ಟೈಮರಿನ ಈಗಿನ ಎಣಿಕೆ) + ಪಟ್ಟಿಯ ಟಿಕ್ ಹಾಕಿ, ಬಿಟ್‌ಗಳನ್ನು 11 ಮಾಡಿ. ಆ ಟಿಕ್ ಬಂದ ಕ್ಷಣ ಹಾರ್ಡ್‌ವೇರೇ ಪಿನ್ನನ್ನು ಹೈ ಮಾಡುತ್ತದೆ. ಬಿ ಇಂಟರಪ್ಟ್ ತೆಗೆದುಬಿಡಿ. ಎ ಇಂಟರಪ್ಟ್ ತಡವಾದರೂ ಚಿಂತೆಯಿಲ್ಲ, ಪಲ್ಸ್ ಶುರುವಾಗುವುದು ಹಿಂದುಮುಂದಾದೀತು, ಅಗಲ ಬದಲಾಗದು. ಪಟ್ಟಿಯಲ್ಲಿ 40ಕ್ಕಿಂತ ತೀರಾ ಕೆಳಗೆ ಹೋಗಬೇಡಿ. ಓಸಿಆರ್1ಬಿ ಬರೆಯುವಷ್ಟರಲ್ಲಿ ಎಣಿಕೆ ಅದನ್ನು ದಾಟಿದ್ದರೆ ಆ ಸರದಿಯಲ್ಲಿ ಆರಿಸುವವರೇ ಇಲ್ಲ, ಅಂಕಿ ಪೂರ್ಣ ಬೆಳಕಿನಲ್ಲಿ ಫಳಕ್ಕೆನ್ನುತ್ತದೆ.