ದೊಡ್ಡಮ್ಮ, ನಾವು ಹೋಗಿದ್ದು ಗೊತ್ತಿಲ್ಲದವರ ಮನೆಗಲ್ಲ

ದೊಡ್ಡಮ್ಮ, ನಮಸ್ಕಾರ. ಮನೆಯವರ ಗ್ರೂಪಿನಲ್ಲಿ ನಿಮ್ಮ ಮೆಸೇಜು ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡಲು ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಬೇಸರವಾದರೆ ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಿ, ಮೊಮ್ಮಗಳು ತೋರಿಸುತ್ತಾಳೆ. ನಡುವೆ ಕುಕ್ಕರ್ ಕೂಗಿದರೆ ಬೇಳೆ ಇಟ್ಟಿದ್ದೇನೆ ಅಂತ ತಿಳಿದುಕೊಳ್ಳಿ.

ನೀವು ಕೇಳಿದ್ದು ಇಷ್ಟು: "ಮುಖ ನೋಡದವರ ಮನೆಗೆ ಮಗು ಕಟ್ಟಿಕೊಂಡು ಹೋಗಿ ಮೂರು ದಿನ ಉಂಡು ಬಂದಿದ್ದೀಯಲ್ಲ, ಏನು ಧೈರ್ಯ? ಅಲ್ಲಿ ತಿಂದಿದ್ದಾದರೂ ಏನು?" ನಿಮ್ಮ ನಿಜವಾದ ಪ್ರಶ್ನೆ ಎರಡನೆಯದೇ ಅಲ್ವಾ? ಅದಕ್ಕೆ ಬರುತ್ತೇನೆ, ಮುಚ್ಚಿಡದೆ ಹೇಳುತ್ತೇನೆ.

ಅದಕ್ಕೂ ಮೊದಲು ಚಿಕ್ಕಪ್ಪ, ನೀವು ಹಾಕಿದ ಆ ನಾಯಿ ಮಾಂಸದ ಫಾರ್ವರ್ಡು. ನಾಯಿ ಮಾಂಸ ನಿಲ್ಲಿಸಲು ಇಲ್ಲಿ ದಕ್ಷಿಣ ಕೊರಿಯಾದ ಸಂಸತ್ತು 2024ರ ಜನವರಿಯಲ್ಲೇ ಕಾನೂನು ಮಾಡಿದೆ, 2027ರಿಂದ ಪೂರ್ತಿ ನಿಷೇಧ. ನನ್ನ ಗೆಳತಿಯರ ಪೈಕಿ ಒಬ್ಬರು ತಮ್ಮ ನಾಯಿಗೆ ಚಳಿಗಾಲದ ಸ್ವೆಟರ್ ಹೆಣೆಯುತ್ತಾರೆ. ಸಾಕು, ಆ ವಿಷಯ ಬಿಡಿ.

ಈಗ ನಾವು ಹೋದ ಮನೆಯವರೆಲ್ಲ ಯಾರು ಅಂತ. ನಾವು ಸುವಾನ್‌ಗೆ ಬಂದ ಹೊಸತರಲ್ಲಿ, ನಾಲ್ಕು ವರ್ಷದ ಹಿಂದೆ, ನನಗೆ ಅಂಗಡಿಗೆ ಹೋಗಿ ಒಂದು ಪ್ಯಾಕೆಟ್ ಕೊಳ್ಳಲೂ ಭಯ. ಎಲ್ಲದರಲ್ಲೂ ಏನೋ ಒಂದು ಮೀನು. ಆಗ ಕಾಕಾವೋಟಾಕ್‌ನಲ್ಲಿ, ಅದು ಇಲ್ಲಿನವರ ವಾಟ್ಸಾಪ್ ಇದ್ದ ಹಾಗೆ, ಒಂದು ಗುಂಪು ಸಿಕ್ಕಿತು. ದಿನಾ ಮಧ್ಯಾಹ್ನ ಮಾಂಸವಿಲ್ಲದ ಊಟದ ಫೋಟೋ ಹಾಕುವುದು, ಅಷ್ಟೇ ಕೆಲಸ. ಯಾರೂ ನಿಜವಾದ ಹೆಸರು ಹೇಳುವ ಹಾಗಿಲ್ಲ, ತರಕಾರಿ ಹೆಸರು ಇಟ್ಟುಕೊಳ್ಳಬೇಕು. ನಾನು ಗಾಜಿ, ಅಂದರೆ ಬದನೆಕಾಯಿ. ಮೈಸೂರಿನವಳು, ಈರನಗೆರೆ ಬದನೆ ತಿಂದು ಬೆಳೆದವಳು ಇನ್ನೇನು ಇಟ್ಟುಕೊಳ್ಳಲಿ? ಇನ್ನೊಬ್ಬರು ಹೋಬಾಕ್, ಕುಂಬಳಕಾಯಿ. ಮತ್ತೊಬ್ಬಳು ಗಾಮ್ಜಾ, ಆಲೂಗಡ್ಡೆ. ಅಂಗಡಿಯಲ್ಲಿ ನಿಂತು ಪ್ಯಾಕೆಟ್ಟಿನ ಹಿಂಬದಿಯ ಫೋಟೋ ಹಾಕಿದರೆ ಎರಡು ನಿಮಿಷದಲ್ಲಿ ಹೋಬಾಕ್ ಉತ್ತರ ಬರುತ್ತಿತ್ತು. "ಮೂರನೇ ಸಾಲಿನಲ್ಲಿ ಮ್ಯೊಲ್ಚಿ ಅಂತ ಇದೆ, ಕೆಳಗಿಡು." ಮ್ಯೊಲ್ಚಿ ಅಂದರೆ ಬೆರಳುದ್ದದ ಒಣಮೀನು. ನಾನು ಕೊರಿಯನ್ ಓದಲು ಕಲಿತದ್ದೇ ಹಾಗೆ. ನಾನು ಏನು ತಿನ್ನುತ್ತೇನೆ, ಏನು ತಿನ್ನುವುದಿಲ್ಲ ಅನ್ನುವುದು ಅವರಿಗೆ ಗೊತ್ತಿರುವಷ್ಟು ನಮ್ಮ ಅತ್ತಿಗೆಗೂ ಗೊತ್ತಿಲ್ಲ. ಅತ್ತಿಗೆ, ತಮಾಷೆಗೆ ಹೇಳಿದ್ದು!

ನವೆಂಬರ್ ಕೊನೆಯಲ್ಲಿ ನಮ್ಮ ಯಜಮಾನರಿಗೆ ಶುಕ್ರವಾರವೂ ರಜೆ ಸಿಕ್ಕಿತು. ಸುವಾನ್‌ನಿಂದ ಜೊಂಜು, ಅಲ್ಲಿಂದ ದಕ್ಷಿಣದ ಗಿಮ್ಹೆ, ವಾಪಸ್ ಬರುವಾಗ ಸಾಂಗ್ಜು. ಹೆಚ್ಚುಕಡಿಮೆ 700 ಕಿಲೋಮೀಟರ್. ರಸ್ತೆ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಬಲಗಡೆ ಓಡಿಸುತ್ತಾರೆ, ಚೆನ್ನಾಗಿದೆ. ಕ್ಯಾಮೆರಾ ಮಾತ್ರ ಜಾಸ್ತಿ. ದಾರಿ ತೋರಿಸುವ ಟಿ-ಮ್ಯಾಪ್ ಆ್ಯಪಿನ ಹೆಂಗಸು ಕ್ಯಾಮೆರಾ ಬಂತು, ನಿಧಾನ ಅಂತ ಹೇಳಿ ಹೇಳಿ, ಈಗ ಮನೆಯಲ್ಲಿ ನಾನು ಅಡುಗೆಮನೆಗೆ ಬಂದರೆ ಮಗ ಅದೇ ಧಾಟಿಯಲ್ಲಿ ಹೇಳುತ್ತಾನೆ. ಚೊನಾನ್ ಹತ್ತಿರ ನಿಲ್ಲಿಸಿದ್ದೆವು. ಆ ಊರು ಹೋದು ಗ್ವಾಜಾಕ್ಕೆ ಹೆಸರು, ಅಕ್ರೋಟು ಕಾಯಿಯ ಆಕಾರದ ಪುಟ್ಟ ಬಿಸಿ ಬಿಸಿ ತಿಂಡಿ, ಒಳಗೆ ನಮ್ಮ ಹೂರಣದಂಥದ್ದೇ ಕೆಂಪು ಕಾಳಿನ ಹೂರಣ. ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ನಾನು ತಿನ್ನಲಿಲ್ಲ, ಇವರೂ ಮಗನೂ ಒಂದು ಪೊಟ್ಟಣ ಮುಗಿಸಿದರು. ಅಲ್ಲೇ ಮಗ "ಅಪ್ಪಾ" ಅಂತ ಕೂಗಿದ್ದಕ್ಕೆ ಮೂರು ಜನ ಗಂಡಸರು ತಿರುಗಿ ನೋಡಿದರು. ಇಲ್ಲೂ ಅಪ್ಪನಿಗೆ ಅಪ್ಪಾ ಅಂತಲೇ ಕರೆಯುವುದು.

ಬರಿಗೈಲಿ ಹೋಗಬಾರದು ಅಂತ ನೀವೇ ಹೇಳಿಕೊಟ್ಟದ್ದು. ಚಿತ್ರಾನ್ನ ಒಯ್ಯೋಣ ಅಂದುಕೊಂಡೆ. ಆದರೆ ಇಲ್ಲಿನ ಅಕ್ಕಿ ಗುಂಡಗೆ, ಅಂಟು. ಹಿಂದೊಮ್ಮೆ ಅದರಲ್ಲಿ ಚಿತ್ರಾನ್ನ ಮಾಡಿ ಅರಿಶಿನದ ಮುದ್ದೆ ಆಗಿತ್ತು. ಅಂಟು ಅಕ್ಕಿಗೆ ಅಂಟುವ ಅಡುಗೆಯೇ ಸರಿ ಅಂತ ನಾಲ್ಕು ಗಂಟೆಗೆ ಎದ್ದು ಕಿಂಬಾಪ್ ಸುತ್ತಿದೆ. ನೀವು ಫೋಟೋದಲ್ಲಿ ನೋಡಿ "ಕಪ್ಪು ಸುರುಳಿ" ಅಂದಿರಲ್ಲ, ಅದು. ಹೊರಗೆ ಹಪ್ಪಳದ ಹಾಗೆ ತೆಳ್ಳಗಿರುವ ಕಡಲ ಪಾಚಿಯ ಹಾಳೆ, ಒಳಗೆ ಎಳ್ಳೆಣ್ಣೆ ಕಲಸಿದ ಅನ್ನ, ಪಾಲಕ್, ಕ್ಯಾರೆಟ್, ಹಳದಿ ಮೂಲಂಗಿ ಉಪ್ಪಿನಕಾಯಿ. ಮೊಟ್ಟೆ ಇಲ್ಲ, ಹ್ಯಾಮ್ ಇಲ್ಲ. ಕೊರಿಯಾದವರಿಗೇ ಕೊರಿಯಾದ ಅಡುಗೆ ಒಯ್ಯುವುದು ಅಂದರೆ ನಿಮ್ಮ ಮನೆಗೆ ನಾನು ಬಿಸಿಬೇಳೆಬಾತ್ ತಂದ ಹಾಗೆ! ಜೊತೆಗೆ ನೀವು ಕಳಿಸಿದ್ದ ಹುಚ್ಚೆಳ್ಳು ಚಟ್ನಿಪುಡಿ ಒಂದು ಡಬ್ಬಿ.

ಜೊಂಜುವಿನಲ್ಲಿ ಹೋಬಾಕ್ ಮನೆ. ನಾನು ಇಷ್ಟು ದಿನ ಅವರು ನನ್ನ ವಯಸ್ಸಿನವರು ಅಂದುಕೊಂಡಿದ್ದೆ, ಅಷ್ಟು ಚುರುಕಾಗಿ ಉತ್ತರ ಬರುತ್ತಿತ್ತು. ಬಾಗಿಲು ತೆಗೆದದ್ದು 68 ವರ್ಷದ ಅಜ್ಜಿ, ರಿಟೈರ್ಡ್ ಪ್ರೈಮರಿ ಸ್ಕೂಲ್ ಟೀಚರ್. ನಾಲ್ಕು ವರ್ಷ ನಾನು ಅವರನ್ನು "ಒನ್ನಿ", ಅಂದರೆ ಅಕ್ಕಾ ಅಂತ ಕರೆದಿದ್ದೇನೆ. ನಾಚಿಕೆಯಾಗಿ ಅಜ್ಜಿ ಅನ್ನಲು ಹೋದೆ. "ಈಗ ಬದಲಾಯಿಸಬೇಡ, ಅಕ್ಕ ಅಂದರೇ ಚೆನ್ನಾಗಿದೆ" ಅಂದರು. ನನ್ನ ಕಿಂಬಾಪ್ ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದರು. ಎಂಟನೇ ಕ್ಲಾಸಿನ ಲೆಕ್ಕದ ಪೇಪರ್ ಕೈಗೆ ಬರುವಾಗ ಆಗುತ್ತಿತ್ತಲ್ಲ, ಹೊಟ್ಟೆಯಲ್ಲಿ ಅದೇ ತಳಮಳ. "ಎಳ್ಳೆಣ್ಣೆ ಇನ್ನು ಸ್ವಲ್ಪ ಬೇಕಿತ್ತು" ಅಂದರು, ಆಮೇಲೆ ಇಡೀ ತಟ್ಟೆ ತಮ್ಮ ಕಡೆಗೆ ಎಳೆದುಕೊಂಡರು.

ನಾವು ಹೋದ ದಿನ ಬೇಕೆಂದೇ ಕಿಮ್ಜಾಂಗ್ ಇಟ್ಟುಕೊಂಡಿದ್ದರು. ಚಳಿಗಾಲಕ್ಕೆಂದು ಒಟ್ಟಿಗೆ ಕಿಮ್ಚಿ, ಅಂದರೆ ಹುಳಿ ಬರಿಸಿದ ಕೋಸಿನ ಉಪ್ಪಿನಕಾಯಿ, ಹಾಕುವ ಕೆಲಸ. ನಮ್ಮ ಬೇಸಿಗೆಯಲ್ಲಿ ಅಜ್ಜಿ ಮನೆ ತಾರಸಿ ಮೇಲೆ ಸಂಡಿಗೆ ಹಾಕುವಾಗ ಬೀದಿಯ ಹೆಂಗಸರೆಲ್ಲ ಸೇರುತ್ತಿದ್ದರಲ್ಲ, ಹಾಗೆ. 2013ರಲ್ಲಿ ಯುನೆಸ್ಕೊ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆ ಮಾತು ಬಂದಾಗ ಪಕ್ಕದ ಮನೆಯ ಹೆಂಗಸು "ಬಂದು ನಾಲ್ಕು ಕೋಸು ತೊಳೆದುಕೊಟ್ಟಿದ್ದರೆ ಇನ್ನೂ ಚೆನ್ನಾಗಿತ್ತು" ಅಂದರು.

ಮೂವತ್ತು ಉದ್ದ ಕೋಸು. ಸೀಳಿ ಹಿಂದಿನ ರಾತ್ರಿಯೇ ಕಡಲುಪ್ಪಿನಲ್ಲಿ ನೆನೆಹಾಕಿದ್ದರು. ಬೆಳಿಗ್ಗೆ ದಂಟು ಬಗ್ಗಿಸಿದರೆ ಮುರಿಯಬಾರದು, ಬಳುಕಬೇಕು, ಅದೇ ಪರೀಕ್ಷೆ. ಮೂರು ನೀರಿನಲ್ಲಿ ತೊಳೆದು ಬೋರಲು ಹಾಕಿ ಬಸಿಯಬೇಕು. ಮಸಾಲೆಗೆ ಸಣ್ಣಗೆ ಹೆಚ್ಚಿದ ಮೂಲಂಗಿ, ಬೆಳ್ಳುಳ್ಳಿ, ಶುಂಠಿ, ಈರುಳ್ಳಿ ಸೊಪ್ಪು, ಅಂಟಕ್ಕಿ ಗಂಜಿ, ಮತ್ತೆ ಗೊಚುಗಾರು. ಈ ಗೊಚುಗಾರು ನಮ್ಮ ಬ್ಯಾಡಗಿಯ ತಂಗಿ ಅನ್ನಿ, ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೆ ನುಣ್ಣಗೆ ಪುಡಿ ಮಾಡುವುದಿಲ್ಲ, ತರಿತರಿ. ನಾನೊಮ್ಮೆ ಮನೆಯಲ್ಲಿ ಗುಂಟೂರು ಪುಡಿ ಹಾಕಿ ಕಿಮ್ಚಿ ಮಾಡಿ ಇವರಿಗೆ ಎರಡು ದಿನ ಮಜ್ಜಿಗೆ ಕುಡಿಸಿದ್ದೆ. ಎಲ್ಲರೂ ಗುಲಾಬಿ ಬಣ್ಣದ ರಬ್ಬರ್ ಗ್ಲೌಸು ಹಾಕಿಕೊಂಡು ಕೋಸಿನ ಒಂದೊಂದೇ ಎಸಳು ಎತ್ತಿ ಬುಡಕ್ಕೆ ಮಸಾಲೆ ಸವರುತ್ತಾರೆ. ತುದಿಗೆ ಅಷ್ಟು ಬೇಡ. ಕೊನೆಗೆ ಹೊರಗಿನ ಎಲೆಯಿಂದ ಕೂಸಿಗೆ ಬಟ್ಟೆ ಸುತ್ತಿದ ಹಾಗೆ ಸುತ್ತಿ ಡಬ್ಬಿಗೆ ಇಡುವುದು.

ಈಗ ಕೇಳಿ ದೊಡ್ಡಮ್ಮ. ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪು ಹಾಕಿದ ಸಿಗಡಿ, ಮೀನಿನ ರಸ ಸೇರಿಸುತ್ತಾರೆ. ತರಕಾರಿ ಅಂದುಕೊಂಡು ಎಷ್ಟೋ ಜನ ತಿಂದುಬಿಡುತ್ತಾರೆ. ಹೋಬಾಕ್ ಏನು ಮಾಡಿದ್ದರು ಗೊತ್ತಾ? ಮೂಲೆಯಲ್ಲಿ ಬೇರೆ ಬೋಗುಣಿ, ಬೇರೆ ಚಾಕು, ಬೇರೆ ಮಣೆ. ಒಣ ಅಣಬೆ, ಕಡಲ ಸೊಪ್ಪು ಕುದಿಸಿದ ನೀರು, ಸೋಯಾ ಸಾಸ್ ಹಾಕಿ ಆರು ಕೋಸಿಗಾಗುವಷ್ಟು ಮಸಾಲೆ. ಬೌದ್ಧ ಮಠಗಳಲ್ಲಿ ಕಿಮ್ಚಿಗೆ ಮೀನು ಹಾಕುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಜಾಂಗ್‌ಸೊಂಗ್ ಕಡೆ ಬೇಗ್ಯಾಂಗ್‌ಸಾ ಅನ್ನುವ ಮಠದಲ್ಲಿ ಜೊಂಗ್ ಕ್ವಾನ್ ಅನ್ನುವ ಭಿಕ್ಷುಣಿ ಆ ಅಡುಗೆಗೆ ತುಂಬ ಹೆಸರುವಾಸಿ. ಆ ದಾರಿ ನೋಡಿಕೊಂಡು ನನಗಾಗಿ ಮಾಡಿದ್ದರು, ಬೆಳ್ಳುಳ್ಳಿ ಮಾತ್ರ ಬಿಡಲಿಲ್ಲ, ನೀನು ತಿನ್ನುತ್ತೀಯಲ್ಲ ಅಂದರು. ಆ ಬೋಗುಣಿ ಮುಟ್ಟುವ ಮೊದಲು ಗ್ಲೌಸು ಬಿಚ್ಚಿ ಹೊಸ ಜೊತೆ ಹಾಕಿಕೊಂಡರು. ಪಕ್ಕದವರು ಅಪ್ಪಿತಪ್ಪಿ ಕೈ ಚಾಚಿದ್ದಕ್ಕೆ ಮಣಿಕಟ್ಟಿಗೆ ಒಂದು ಏಟು. ನಿಮ್ಮ ಹಬ್ಬದ ದಿನದ ಮಡಿ ಇದೆಯಲ್ಲ, ಅದರ ಮುಂದೆ ಏನೂ ಕಡಿಮೆಯಿಲ್ಲ. ಡಬ್ಬಿ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಒಂದು ಬದನೆಕಾಯಿ ಬರೆದು ನನ್ನ ಕೈಗೆ ಕೊಟ್ಟರು.

ಕೆಲಸದ ನಡುವೆ ಕೋಸಿನ ತಿರುಳಿನ ಹಳದಿ ಎಸಳೊಂದನ್ನು ಕಿತ್ತು, ಮಸಾಲೆ ಇಟ್ಟು ಮಡಿಸಿ, ಸೀದಾ ನನ್ನ ಬಾಯಿಗೆ ತುರುಕಿದರು. ಅಜ್ಜಿ ಕೈತುತ್ತು ನೆನಪಾಯಿತು. ಇಲ್ಲಿ ಒಂದು ಪದ ಇದೆ, ಸೊನ್‌ಮಾತ್. ಸೊನ್ ಅಂದರೆ ಕೈ, ಮಾತ್ ಅಂದರೆ ರುಚಿ. ಕೈರುಚಿ! ಅಕ್ಷರಕ್ಕೆ ಅಕ್ಷರ ಅದೇ. ನಾನು ನಮ್ಮ ಪದ ಹೇಳಿದಾಗ ಆರು ಜನ ಹೆಂಗಸರೂ ಕೆಲಸ ಬಿಟ್ಟು ಕೈರುಚಿ, ಕೈರುಚಿ ಅಂತ ಹೇಳಿ ನೋಡಿಕೊಂಡರು.

ಎರಡನೇ ದಿನ ಗಿಮ್ಹೆ. ಇಲ್ಲೇ ದೊಡ್ಡಮ್ಮ, ನೀವು ಹೆದರಿದ್ದು ಆಗಿದ್ದು.

ಗಾಮ್ಜಾ ನನಗಿಂತ ಚಿಕ್ಕವಳು. ಅತ್ತೆ ಜೊತೆ ಇದ್ದಾಳೆ, ಅವರಿಗೆ ಎಂಬತ್ತು ದಾಟಿದೆ. ಗಂಡನ ಮನೆತನ ಗಿಮ್ಹೆ ಕಿಮ್. ಆ ಮನೆತನದವರು ತಮ್ಮ ಮೂಲ ತಾಯಿ ಹೊ ಹ್ವಾಂಗ್-ಓಕ್ ಅನ್ನುವ ರಾಣಿ, ಕ್ರಿಸ್ತಶಕ 48ರಲ್ಲಿ ಅಯುತಾ ಅನ್ನುವ ದೇಶದಿಂದ ಹಡಗಿನಲ್ಲಿ ಬಂದಳು ಅಂತ ನಂಬುತ್ತಾರೆ. ಅಯುತಾ ಅಂದರೆ ಅಯೋಧ್ಯೆ ಅಂತ ಕೆಲವರು. ದಂತಕಥೆ ಅನ್ನಿ, ಆದರೆ ಆ ರಾಣಿಯ ಸಮಾಧಿ ಊರೊಳಗೇ ಇದೆ. ಪಕ್ಕದಲ್ಲಿ ಸವೆದು ಹೋದ ಕೆಂಪು ಕಲ್ಲುಗಳ ಒಂದು ಪುಟ್ಟ ಗೋಪುರ. ಅಲೆ ಅಡಗಿಸಲು ಅಲ್ಲಿಂದಲೇ ತಂದದ್ದಂತೆ. ನಾವೂ ಹೋಗಿ ನೋಡಿ ಬಂದೆವು. ಹಾಗಾಗಿ ಆ ಅತ್ತೆ ನನ್ನನ್ನು ನೋಡಿದ ಕೂಡಲೇ "ನಮ್ಮ ಅಜ್ಜಿ ತವರಿನ ಹುಡುಗಿ" ಅಂತ ಕೈ ಹಿಡಿದುಕೊಂಡರು. ಮೈಸೂರು ಬೇರೆ, ಅಯೋಧ್ಯೆ ಬೇರೆ ಅಂತ ಹೇಳಲು ಹೋಗಲಿಲ್ಲ.

ಊಟಕ್ಕೆ ದೆನ್ಜಾಂಗ್ ಸಾರು. ಸೋಯಾ ಕಾಳು ಬೇಯಿಸಿ, ಕುಟ್ಟಿ, ಇಟ್ಟಿಗೆ ಕಟ್ಟಿ, ಹುಲ್ಲಿನಲ್ಲಿ ನೇತುಹಾಕಿ, ಉಪ್ಪುನೀರಿನ ಮಡಕೆಯಲ್ಲಿ ತಿಂಗಳುಗಟ್ಟಲೆ ಹುಳಿ ಬರಿಸಿದ ಪೇಸ್ಟಿನ ಸಾರು. ಗಾಮ್ಜಾ ಎಲ್ಲ ನೋಡಿಕೊಂಡೇ ಮಾಡಿದ್ದಳು. ನಾನು ಎರಡು ಚಮಚ ಕುಡಿದೆ, ಚೆನ್ನಾಗಿತ್ತು. ಅಷ್ಟರಲ್ಲಿ ಅವರ ಅತ್ತೆ ಸಂತೋಷದಿಂದ "ಸಪ್ಪೆ ಇತ್ತು, ನಾನೇ ಒಂದು ಚಮಚ ಮ್ಯೊಲ್ಚಿ ಪುಡಿ ಹಾಕಿದೆ" ಅಂದರು. ಟೇಬಲ್ಲು ಸ್ತಬ್ಧ. ಗಾಮ್ಜಾ ಮುಖ ಬಿಳಿಚಿಕೊಂಡಿತು.

ಹೌದು ದೊಡ್ಡಮ್ಮ, ಎರಡು ಚಮಚ ಒಳಗೆ ಹೋಗಿತ್ತು. ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದೆ, ಅಷ್ಟೇ. ಅವರ ಮೇಲೆ ಸಿಟ್ಟು ಬರಲಿಲ್ಲ. ನಮಗೆ ಸಾರಿಗೆ ಬೇಳೆ ಕಟ್ಟು ಹೇಗೋ ಅವರಿಗೆ ಆ ಒಣಮೀನಿನ ನೀರು ಹಾಗೆ. ಅದು ಮಾಂಸ ಅಂತಲೇ ಅವರ ಲೆಕ್ಕದಲ್ಲಿ ಇಲ್ಲ. ಅತಿಥಿಗೆ ಸಪ್ಪೆ ಸಾರು ಬಡಿಸುವುದು ಹೇಗೆ ಅಂತ ಆ ಜೀವ ಯೋಚಿಸಿದೆ. ನೀವಾಗಿದ್ದರೂ ಸೊಸೆಯ ಸಾರಿಗೆ ಯಾರೂ ನೋಡದಾಗ ಒಂದು ಚಿಟಿಕೆ ಏನಾದರೂ ಹಾಕುತ್ತಿರಲಿಲ್ಲವಾ, ಎದೆ ಮುಟ್ಟಿ ಹೇಳಿ!

ಅವರು ಮಾತಾಡದೆ ಒಳಗೆ ಹೋದರು. ಬೇಜಾರು ಮಾಡಿಕೊಂಡರೇನೋ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಒಂದು ಬಟ್ಟಲು ಬಿಸಿ ಅನ್ನ ತಂದರು. ಅದರ ಮೇಲೆ ಸೋಯಾ ಸಾಸ್, ಕೈಯಲ್ಲೇ ಪುಡಿ ಮಾಡಿದ ಪಾಚಿ ಹಾಳೆ, ಒಂದು ಧಾರೆ ದುಲ್ಕೆ ಎಣ್ಣೆ. ದುಲ್ಕೆ ಅಂದರೆ ಇಲ್ಲಿನ ಒಂದು ಸಣ್ಣ ಕಾಳು, ಅದರ ಎಲೆಯನ್ನೂ ತಿನ್ನುತ್ತಾರೆ. ನನ್ನ ಮುಂದೆಯೇ ಒಂದೊಂದೇ ಸೀಸೆ ತೋರಿಸಿ, ಬೆರಳು ಮಡಚಿ, "ಇದರಲ್ಲಿ ಇಲ್ಲ, ಇದರಲ್ಲೂ ಇಲ್ಲ" ಅಂತ ಕಲಸಿದರು. ಆ ಎಣ್ಣೆಯ ವಾಸನೆ ಮೂಗಿಗೆ ಬಂದ ಕೂಡಲೇ ನಾನು ಎದ್ದು ಚೀಲದಿಂದ ನಿಮ್ಮ ಚಟ್ನಿಪುಡಿ ತೆಗೆದೆ. ಹುಚ್ಚೆಳ್ಳು ಹುರಿದ ವಾಸನೆಗೆ ತುಂಬ ಹತ್ತಿರ. ಅನ್ನದ ಮೇಲೆ ಉದುರಿಸಿ ಅವರಿಗೂ ಒಂದು ತುತ್ತು ಕೊಟ್ಟೆ. ಮೂರು ದಿನದಲ್ಲಿ ನಾನು ಉಂಡ ಒಳ್ಳೆಯ ಊಟ ಅದೇ. ಜೊಂಜುವಿನ ಕಿಮ್ಚಿಗಿಂತಲೂ. ಹೋಬಾಕ್‌ಗೆ ಹೇಳಬೇಡಿ.

ಸಾಂಗ್ಜು ಬಗ್ಗೆ ಜಾಸ್ತಿ ಇಲ್ಲ, ಒಂದೂವರೆ ಗಂಟೆ ಮಾತ್ರ ಇದ್ದೆವು. ಆ ಊರಿನ ತುಂಬ ಸಿಪ್ಪೆ ಸುಲಿದ ಪರ್ಸಿಮನ್ ಹಣ್ಣು ದಾರಕ್ಕೆ ಕಟ್ಟಿ ಒಣಗಲು ಬಿಟ್ಟಿರುತ್ತಾರೆ, ಕಿತ್ತಳೆ ಬಣ್ಣದ ತೋರಣ ಕಟ್ಟಿದ ಹಾಗೆ. ಅಲ್ಲಿನವರು ಮಗನಿಗೆ ಒಂದು ಕಥೆ ಹೇಳಿದರು. ಅಳುವ ಮಗುವಿಗೆ ತಾಯಿ ಹುಲಿ ಬಂತು ಅಂದರೂ ಮಗು ಸುಮ್ಮನಾಗಲಿಲ್ಲ. "ತಗೋ ಗೊತ್‌ಕಾಮ್", ಅಂದರೆ ಈ ಒಣ ಹಣ್ಣು, ಅಂದಾಗ ಥಟ್ಟನೆ ಅಳು ನಿಂತಿತು. ಹೊರಗೆ ನಿಂತಿದ್ದ ಹುಲಿ ನನಗಿಂತ ಭಯಂಕರ ಯಾವುದಪ್ಪ ಈ ಗೊತ್‌ಕಾಮ್ ಅಂತ ಓಡಿಹೋಯಿತು. ಈಗ ಮಗನಿಗೆ ನಮ್ಮ ಗುಮ್ಮನ ಆಟ ನಡೆಯುವುದಿಲ್ಲ.

ವಾಪಸ್ ಬರುವಾಗ ಕಾರೆಲ್ಲ ಕಿಮ್ಚಿ ವಾಸನೆ. ಇವರು ಕಿಟಕಿ ಇಳಿಸಿ ಓಡಿಸಿದರು, ಹೊರಗೆ ಎರಡು ಡಿಗ್ರಿ. ಬದನೆಕಾಯಿ ಡಬ್ಬಿ ಬಾಲ್ಕನಿಯಲ್ಲಿದೆ. ನಿನ್ನೆ ರಾತ್ರಿ ಹುಳಿ ಬಂದು ಮುಚ್ಚಳ ಟಪ್ ಅಂತ ಎದ್ದಿತು, ಕಳ್ಳ ಬಂದ ಅಂತ ಇವರು ಎದ್ದು ಕೂತರು.

ಆಂ, ಮುಖ್ಯವಾದದ್ದೇ ಮರೆತೆ. ಇವರ ಆಫೀಸಿನವರೊಬ್ಬರು ಸಂಕ್ರಾಂತಿಗೆ ಮೈಸೂರಿಗೆ ಬರುತ್ತಿದ್ದಾರೆ, ಅವರ ಕೈಲಿ ನಿಮಗೆ ಒಣ ಹಣ್ಣು, ಅರ್ಧ ಕೆಜಿ ಗೊಚುಗಾರು ಕಳಿಸುತ್ತೇನೆ. ಸಾರಿಗೆ ಹಾಕಿ ನೋಡಿ, ಬಣ್ಣ ಚೆನ್ನಾಗಿ ಬರುತ್ತದೆ. ಬದಲಿಗೆ ನನಗೆ ಚಟ್ನಿಪುಡಿಯ ಅಳತೆ ಬೇಕು. ಗಾಮ್ಜಾ ಅತ್ತೆಗೆ ನಿಮ್ಮ ಪುಡಿ ಕೊಟ್ಟ ಸುದ್ದಿ ನಮ್ಮ ತರಕಾರಿ ಗ್ರೂಪಿನಲ್ಲಿ ಹರಡಿ ಈಗ ಹೋಬಾಕ್ ದಿನಾ ಕೇಳುತ್ತಿದ್ದಾರೆ, ಇಲ್ಲಿನ ದುಲ್ಕೆಯಲ್ಲಿ ಮಾಡಿ ನೋಡುತ್ತಾರಂತೆ. ಕೈ ಅಂದಾಜು ಅಂತ ಮಾತ್ರ ಹೇಳಬೇಡಿ ದೊಡ್ಡಮ್ಮ, ಅವರು ಟೀಚರ್ ಆಗಿದ್ದವರು, ಗ್ರಾಂ ಲೆಕ್ಕದಲ್ಲೇ ಬೇಕಂತೆ. ಹುಚ್ಚೆಳ್ಳು ಎಷ್ಟು, ಒಣಮೆಣಸಿನಕಾಯಿ ಎಷ್ಟು, ಹುಣಸೆಹಣ್ಣು ಎಷ್ಟು, ತೂಕ ಮಾಡಿ ಹೇಳಿ. ಮೂರನೇ ಸೀಟಿ ಆಯಿತು, ಇಡುತ್ತೇನೆ.