ಅಪ್‌ಡೇಟ್: ಮುಚ್ಚುವಾಗ ಕ್ರ್ಯಾಶ್ ಆಗುತ್ತಿದ್ದ ನನ್ನ ಕಂಪೋಸಿಟರ್

ಹೋದ ವಾರ ಕೇಳಿದ್ದೆ, ನೆನಪಿದೆಯಾ? ಲಿನಕ್ಸ್‌ನ ವೇಲ್ಯಾಂಡ್ ಡಿಸ್‌ಪ್ಲೇ ವ್ಯವಸ್ಥೆಗಾಗಿ ಡಬ್ಲ್ಯುಎಲ್‌ರೂಟ್ಸ್ ಲೈಬ್ರರಿ ಬಳಸಿ ಬರೆಯುತ್ತಿರುವ ಪುಟ್ಟ ಕಂಪೋಸಿಟರ್, ಅಂದರೆ ವಿಂಡೋಗಳನ್ನು ಜೋಡಿಸಿ ಪರದೆಗೆ ತರುವ ಪ್ರೋಗ್ರಾಂ. ಶುರುವಾಗುತ್ತದೆ, ವಿಂಡೋ ತೆರೆಯುತ್ತದೆ, ಮುಚ್ಚುವಾಗ ಮಾತ್ರ ಕ್ರ್ಯಾಶ್. ಈಗ ಸರಿಹೋಗಿದೆ!

ಗ್ರಾಫಿಕ್ಸ್ ಡ್ರೈವರ್ ಬದಲಿಸಿ ಅಂದಿದ್ದರು ಕೆಲವರು. ಬದಲಿಸಿದೆ, ಏನೂ ಆಗಲಿಲ್ಲ. ಬಳ್ಳಾರಿಯ ಈ ಬಿಸಿಲಲ್ಲಿ ಅರ್ಧ ದಿನ ಸುಮ್ನೆ ಹೋಯಿತು. ಕೆಲಸಕ್ಕೆ ಬಂದಿದ್ದು ರಾಯಚೂರಿನ ಅಣ್ಣ ಹೇಳಿದ್ದು: ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯುವ ಸಾಧನ) ಹಾಕಿ ಕಂಪೈಲ್ ಮಾಡಿ. ನೋಡಿದರೆ, ಬಿಟ್ಟುಕೊಟ್ಟ ಮೆಮೊರಿಯನ್ನೇ ನನ್ನ ಕೋಡ್ ಮತ್ತೆ ಮುಟ್ಟುತ್ತಿತ್ತು. ಉಳಿದ ಭಾಗಗಳೆಲ್ಲ ನಿಂತಿರುವ ಮೂಲ ಆಬ್ಜೆಕ್ಟ್ ಆದ ಡಿಸ್‌ಪ್ಲೇಯನ್ನು ನಾನು ಎಲ್ಲಕ್ಕಿಂತ ಮೊದಲೇ ಅಳಿಸುತ್ತಿದ್ದೆ.

ಮುಚ್ಚುವಾಗ ಮೊದಲು ಕ್ಲೈಂಟ್‌ಗಳನ್ನು, ಅಂದರೆ ಒಳಗೆ ಓಡುತ್ತಿರುವ ಆ್ಯಪ್‌ಗಳನ್ನು, ಕಳಿಸಬೇಕು. ಆಮೇಲೆ ಲಿಸನರ್‌ಗಳನ್ನು (ಏನಾದರೂ ಘಟಿಸಿದಾಗ ಓಡಲೆಂದು ಜೋಡಿಸಿಟ್ಟ ಕೋಡ್) ಬಿಡಿಸಬೇಕು. ನಂತರ ಒಳಗಿನ ಭಾಗಗಳನ್ನು ಈ ಕ್ರಮದಲ್ಲಿ ಅಳಿಸಬೇಕು: ಸೀನ್, ಕರ್ಸರ್, ಅಲೊಕೇಟರ್, ರೆಂಡರರ್, ಬ್ಯಾಕೆಂಡ್. ಡಿಸ್‌ಪ್ಲೇ ಕಟ್ಟಕಡೆಗೆ. ಲೈಬ್ರರಿ ಜೊತೆಗೇ ಬರುವ ಮಾದರಿ ಕಂಪೋಸಿಟರ್ ಟೈನಿಡಬ್ಲ್ಯುಎಲ್ ಕೋಡಿನ ಕೊನೆಯಲ್ಲಿ ಇದೇ ಕ್ರಮ ಇದೆ. ನಾನು ಮೇಲಿನ ಅರ್ಧ ಮಾತ್ರ ಓದಿದ್ದೆ, ಏನು ಹೇಳೋದು!

ಇನ್ನೊಂದು ಗೊತ್ತಾಯಿತು. ಲೈಬ್ರರಿಯ 0.19 ಆವೃತ್ತಿಗೆ ಬಂದರೆ ಲಿಸನರ್ ಬಿಡಿಸದೆ ಹೋದಲ್ಲಿ ಅಸರ್ಷನ್ (ಕೋಡಿನೊಳಗಿನ ತಪಾಸಣೆ) ಹೊಡೆದು ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಮೊದಲು ಸಿಟ್ಟು ಬಂತು. ಆದರೆ ತಪ್ಪು ಎಲ್ಲಿದೆ ಅಂತ ತೋರಿಸುತ್ತದಲ್ವಾ, ಒಳ್ಳೆಯದೇ. ಮತ್ತೆ, ಪರೀಕ್ಷೆಗೆ ಪ್ರತಿ ಸಲ ಡೆಸ್ಕ್‌ಟಾಪ್ ಬಿಟ್ಟು ಟಿಟಿವೈಗೆ (ಬರೀ ಅಕ್ಷರಗಳ ಕನ್ಸೋಲ್) ಹೋಗಬೇಕಿಲ್ಲ. ಈಗಿರುವ ವೇಲ್ಯಾಂಡ್ ಡೆಸ್ಕ್‌ಟಾಪ್ ಒಳಗೇ ಕಂಪೋಸಿಟರ್ ಒಂದು ವಿಂಡೋ ಆಗಿ ಓಡುತ್ತದೆ.

ಎರಡನೇ ಮಾನಿಟರ್ ಕಿತ್ತರೆ ಏನಾಗುತ್ತದೆ ಅಂತ ಇನ್ನೂ ನೋಡಿಲ್ಲ. ಅದಕ್ಕೆ ಮೊದಲು ಮಾನಿಟರ್ ಸಿಗಬೇಕು.