‘ಸೆಪರೇಷನ್’ಗೆ ಕನ್ನಡದಲ್ಲಿ ಏನನ್ನೋಣ? ಅಂತರವೋ, ಕಳಚಿಕೊಳ್ಳುವುದೋ?

ಗೆಳೆಯರೇ,

ಅಮೆರಿಕನ್ ಫುಟ್‌ಬಾಲ್‌ನ ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ. ಪದ ‘ಸೆಪರೇಷನ್’. ಪ್ರತಿವರ್ಷ ಏಪ್ರಿಲ್ ಕೊನೆಗೆ ಈ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ, ಇದಕ್ಕೆ ‘ಡ್ರಾಫ್ಟ್’ ಎನ್ನುತ್ತಾರೆ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಒಬ್ಬೊಬ್ಬ ಆಟಗಾರನ ಮೇಲೂ ವರದಿಗಳು ಬರುತ್ತವೆ. ವೈಡ್ ರಿಸೀವರ್ ಬಗ್ಗೆ ಬರೆದ ಯಾವ ವರದಿ ತೆಗೆದರೂ ಈ ಪದ ಇದ್ದೇ ಇರುತ್ತದೆ. ಇಲ್ಲಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಈ ಆಟದಲ್ಲೇ ಮುಳುಗಿರುತ್ತಾರೆ. ಅವರ ಜೊತೆ ಕೂತು ಟಿವಿ ನೋಡುವ ಅಜ್ಜ ಅಜ್ಜಿಯರಿಗೂ ಅರ್ಥವಾಗಲಿ ಅಂತ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಮಿಕ್ಕ ಪದಗಳಿಗೆಲ್ಲ ಏನೋ ಒಂದು ದಾರಿ ಸಿಕ್ಕಿತು. ಇದೊಂದೇ ಪಟ್ಟಾಗಿ ಕೂತಿದೆ.

ಆಟ ನೋಡದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಿಸೀವರ್ ಮೈದಾನದ ಅಂಚಿನ ಕಡೆ ನಿಂತಿರುತ್ತಾನೆ. ಆಟ ಶುರುವಾದ ಕೂಡಲೇ ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಓಡಿ, ಕ್ವಾರ್ಟರ್‌ಬ್ಯಾಕ್ (ತಂಡದಲ್ಲಿ ಚೆಂಡು ಎಸೆಯುವವನು) ಎಸೆದ ಚೆಂಡನ್ನು ಹಿಡಿಯಬೇಕು. ಆ ದಾರಿಗೆ ರೂಟ್ ಎನ್ನುತ್ತಾರೆ. ರೂಟ್‌ಗಳಿಗೆ ಅಂಕಿಗಳಿವೆ. ಸಾಮಾನ್ಯವಾಗಿ ಸಮ ಅಂಕಿಯವು ಮೈದಾನದ ಒಳಕ್ಕೆ ತಿರುಗುತ್ತವೆ, ಬೆಸ ಅಂಕಿಯವು ಹೊರಗೆರೆಯ ಕಡೆಗೆ. 9 ಮಾತ್ರ ತಿರುವೇ ಇಲ್ಲದ ನೇರ ಓಟ. ಅವನನ್ನು ಕಾಯಲು ಎದುರಾಳಿ ತಂಡದ ಕಾರ್ನರ್‌ಬ್ಯಾಕ್ ಇರುತ್ತಾನೆ. ರಿಸೀವರ್‌ಗೆ ಅಂಟಿಕೊಂಡೇ ಓಡುವುದು ಅವನ ಕೆಲಸ. ಚೆಂಡು ಬರುವ ಹೊತ್ತಿಗೆ ಈ ಅಂಟು ಬಿಟ್ಟಿರಬೇಕು. ಅದೇ ಸೆಪರೇಷನ್.

ತೊಡಕು ಏನೆಂದರೆ ಇಂಗ್ಲಿಷಿನಲ್ಲಿ ಈ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಮೊದಲನೆಯದು ಅಳತೆ. ಚೆಂಡು ಕೈಸೇರುವ ಕ್ಷಣದಲ್ಲಿ, ಅಥವಾ ತಪ್ಪಿಹೋಗುವ ಕ್ಷಣದಲ್ಲಿ, ರಿಸೀವರ್‌ಗೂ ಅವನಿಗೆ ತೀರಾ ಹತ್ತಿರ ಇರುವ ಎದುರಾಳಿಗೂ ನಡುವೆ ಎಷ್ಟು ಗಜ ಇತ್ತು ಎನ್ನುವುದು. ಎನ್‌ಎಫ್‌ಎಲ್ ಪಂದ್ಯಗಳಲ್ಲಿ ಆಟಗಾರರ ಭುಜಕವಚದೊಳಗಿನ ಚಿಪ್‌ನಿಂದ ಇದನ್ನು ಲೆಕ್ಕ ಹಾಕುತ್ತಾರೆ. ಎರಡನೆಯದು ಕಸುಬು. ಜೊತೆಗೇ ಓಡುತ್ತಿರುವವನನ್ನು ತನ್ನ ಕಾಲು, ಸೊಂಟ, ಭುಜಗಳಿಂದಲೇ ಏಮಾರಿಸಿ ದೂರವಾಗುವ ವಿದ್ಯೆ. ಆಟಗಾರರನ್ನು ಅಳೆದು ತಂಡಕ್ಕೆ ವರದಿ ಕೊಡುವ ಸ್ಕೌಟ್ ಒಬ್ಬ ‘ಈ ಹುಡುಗನಿಗೆ ಸೆಪರೇಷನ್ ಬರುವುದಿಲ್ಲ’ ಎಂದು ಬರೆದರೆ ಅವನು ಹೇಳುತ್ತಿರುವುದು ಎರಡನೆಯದನ್ನು.

ಮೊದಲು ತಲೆಗೆ ಬರುವ ಪದ ‘ಅಂತರ’. ಅಳತೆಗೆ ಅದು ಸರಿಯಾಗಿಯೇ ಇದೆ. ‘ಎರಡು ಗಜ ಅಂತರವಿತ್ತು’ ಎಂದರೆ ಯಾರಿಗೂ ಗೊಂದಲವಿಲ್ಲ. ಆದರೆ ಕಸುಬಿಗೆ ಇದನ್ನೇ ಹಚ್ಚಲು ಹೋದರೆ ನಾಲಿಗೆ ತಾನಾಗಿ ‘ಅಂತರ ಕಾಯ್ದುಕೊಳ್ಳು’ ಎನ್ನುತ್ತದೆ. 2020ರಿಂದ ಈಚೆಗೆ ಆ ಮಾತು ಕೇಳಿದರೆ ಬ್ಯಾಂಕಿನ ಮುಂದೆ ಬಿಳಿ ಸುಣ್ಣದಲ್ಲಿ ಬರೆದ ವೃತ್ತಗಳು ಕಣ್ಣಮುಂದೆ ಬರುತ್ತವೆ ಅಲ್ವಾ? ಇದ್ದಲ್ಲೇ ಇದ್ದು, ಇರುವ ದೂರವನ್ನು ಉಳಿಸಿಕೊಳ್ಳುವುದು ಅದರ ಅರ್ಥ. ರಿಸೀವರ್‌ಗೆ ಇರುವ ದೂರವೇ ಇಲ್ಲ. ಅದನ್ನು ಅವನೇ ಹುಟ್ಟಿಸಬೇಕು.

ಎರಡಕ್ಕೂ ಒಂದೇ ಪದ ಬಳಸಿದರೆ ಆಗುವ ನಷ್ಟ ಬರೀ ಭಾಷೆಯದಲ್ಲ. ಕಾಲೇಜು ರಿಸೀವರ್‌ಗಳನ್ನು ಅಳೆಯುವಾಗ ಸ್ಕೌಟ್‌ಗಳು ಎಡವುವುದೇ ಇಲ್ಲಿ. ಕಾಲೇಜು ಮೈದಾನದಲ್ಲಿ ನಡುವಿನ ಎರಡು ಸಾಲು ಹ್ಯಾಶ್ ಗುರುತುಗಳ (ಆಟ ಶುರುಮಾಡುವಾಗ ಚೆಂಡನ್ನು ಇವುಗಳ ಮಿತಿಯೊಳಗೇ ಇಡುತ್ತಾರೆ) ಮಧ್ಯೆ 40 ಅಡಿ ಇರುತ್ತದೆ. ಎನ್‌ಎಫ್‌ಎಲ್‌ನಲ್ಲಿ ಬರೀ 18 ಅಡಿ 6 ಇಂಚು. ಹಾಗಾಗಿ ಕಾಲೇಜಿನಲ್ಲಿ ಎಷ್ಟೋ ಸಲ ಚೆಂಡು ಒಂದು ಬದಿಗೆ ಸರಿದ ಜಾಗದಿಂದ ಆಟ ಶುರುವಾಗುತ್ತದೆ, ಇನ್ನೊಂದು ಬದಿಯಲ್ಲಿ ಬಯಲೋ ಬಯಲು. ಅಲ್ಲಿ ನಿಂತ ರಿಸೀವರ್‌ಗೆ ಎದುರಾಳಿ ಹತ್ತು ಗಜ ಹಿಂದೆ ನಿಂತಿದ್ದರೆ, ಇವನು ನಾಲ್ಕು ಹೆಜ್ಜೆ ಓಡಿ ತಿರುಗಿ ನಿಂತರೂ ಚೆಂಡು ಆರಾಮಾಗಿ ಸಿಗುತ್ತದೆ. ಅಂತರ ಬೇಕಾದಷ್ಟಿದೆ. ಆದರೆ ಅದನ್ನು ಹುಟ್ಟಿಸಿದ್ದು ಮೈದಾನದ ಅಗಲ ಮತ್ತು ಕೋಚ್‌ನ ಯೋಜನೆ. ಹುಡುಗ ಯಾರನ್ನೂ ಏಮಾರಿಸಿಲ್ಲ. ಇದನ್ನು ಹಿಡಿದುಕೊಂಡು ‘ಒಳ್ಳೆಯ ಸೆಪರೇಷನ್’ ಎಂದು ಬರೆದರೆ ಓದುವವನಿಗೆ ಏನು ತಿಳಿಯಬೇಕು? ಕನ್ನಡಕ್ಕೆ ಇಲ್ಲಿ ಒಂದು ಅವಕಾಶ ಇದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಅಳತೆಗೆ ಒಂದು, ಕಸುಬಿಗೆ ಇನ್ನೊಂದು, ಹೀಗೆ ಎರಡು ಪದ ಇಟ್ಟುಕೊಳ್ಳೋಣ.

ಕಸುಬಿಗೆ ಯಾವ ಪದ ಎಂದು ಹುಡುಕುವ ಮುಂಚೆ ಆ ಕಸುಬನ್ನು ಹತ್ತಿರದಿಂದ ನೋಡಬೇಕು. 5ನೇ ರೂಟ್ ತಗೊಳ್ಳಿ. ಹನ್ನೆರಡು ಗಜ ನೇರ ಓಡಿ, ಥಟ್ಟನೆ ಹೊರಗೆರೆಯ ಕಡೆಗೆ ತಿರುಗಬೇಕು. ರಿಸೀವರ್ ಮೊದಲ ಹೆಜ್ಜೆಯಿಂದಲೇ 9ನೇ ರೂಟ್ ಓಡುವವನ ಹಾಗೆ ಮೈ ಮುಂದಕ್ಕೆ ಬಾಗಿಸಿ ದೌಡಾಯಿಸುತ್ತಾನೆ. ಕಾರ್ನರ್‌ಬ್ಯಾಕ್ ಹಿಂದೆ ಬೀಳಬಾರದೆಂದು ಮೈ ತಿರುಗಿಸಿ ಓಡಲೇಬೇಕು. ಅವನ ಸೊಂಟ ತಿರುಗಿದ ಕ್ಷಣವೇ ಇವನು ಕಾಯುತ್ತಿದ್ದ ಕ್ಷಣ. ಸೊಂಟ ತಗ್ಗಿಸಿ, ಚಿಕ್ಕ ಹೆಜ್ಜೆಗಳಲ್ಲಿ ವೇಗ ಇಳಿಸಿ, ಒಳಗಿನ ಕಾಲು ಊರಿ ಹೊರಕ್ಕೆ ತಿರುಗುತ್ತಾನೆ. ಸ್ಕೌಟ್ ಇದನ್ನು ವಿಡಿಯೋದಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುವುದು ಭುಜಕ್ಕಾಗಿ. ತಿರುಗುವ ಮುಂಚೆ ಭುಜ ಮೇಲೆದ್ದರೆ ಎದುರಾಳಿಗೆ ಗೊತ್ತಾಗಿಬಿಡುತ್ತದೆ. ಇದಕ್ಕೆ ‘ಸುಳಿವು ಬಿಟ್ಟುಕೊಡು’ ಎನ್ನುವ ನಮ್ಮ ಮಾತು ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂರುತ್ತದೆ.

ಈಗ ಕ್ರಿಯಾಪದಗಳಿಗೆ ಬರೋಣ. ‘ಬೇರ್ಪಡು’ ಬೇಡ, ಅದು ಅಣ್ಣತಮ್ಮಂದಿರಿಗೆ, ಗಂಡಹೆಂಡಿರಿಗೆ. ‘ನುಣುಚಿಕೊಳ್ಳು’ ಮತ್ತು ‘ಜಾರಿಕೊಳ್ಳು’ ಚಲನೆಗೆ ಚೆನ್ನಾಗಿವೆ. ಆದರೆ ಪತ್ರಿಕೆಗಳಲ್ಲಿ ಹೊಣೆಯಿಂದ ನುಣುಚಿಕೊಂಡವರ ಬಗ್ಗೆಯೇ ಜಾಸ್ತಿ ಓದಿದ್ದೇವೆ. ಆಟಗಾರನ ಅತಿದೊಡ್ಡ ಗುಣಕ್ಕೆ ಆ ಕಳಂಕ ತಗಲುವುದು ನನಗೆ ಇಷ್ಟವಿಲ್ಲ. ‘ತಪ್ಪಿಸಿಕೊಳ್ಳು’ ಎಂದರೆ ಹೆದರಿ ಓಡಿದ ಹಾಗೆ. ‘ಕೊಸರಿಕೊಳ್ಳು’ ಮತ್ತು ‘ಬಿಡಿಸಿಕೊಳ್ಳು’ ಎರಡಕ್ಕೂ ಯಾರೋ ಹಿಡಿದಿರಬೇಕು. ಹಿಡಿತ ಇಲ್ಲದೆ ಕೊಸರುವುದು ಹೇಗೆ? ಹನ್ನೆರಡನೇ ಗಜದಲ್ಲಿ ರಿಸೀವರ್‌ನನ್ನು ಯಾರೂ ಮುಟ್ಟಿರುವುದಿಲ್ಲ. ಎನ್‌ಎಫ್‌ಎಲ್ ನಿಯಮದ ಪ್ರಕಾರ ಆಟ ಶುರುವಾಗುವ ಗೆರೆಯಿಂದ ಐದು ಗಜದ ಆಚೆ ಅವನನ್ನು ತಡೆಯುವ ಹಾಗೂ ಇಲ್ಲ.

ಆದರೆ ಆ ಐದು ಗಜದ ಒಳಗೆ ಕಾರ್ನರ್‌ಬ್ಯಾಕ್ ಎದೆಗೆ ಕೈಕೊಟ್ಟು ತಳ್ಳಬಹುದು, ದಾರಿ ತಪ್ಪಿಸಬಹುದು. ಆ ಕೈಗಳನ್ನು ಝಾಡಿಸಿ ಓಟಕ್ಕೆ ಇಳಿಯುವುದಕ್ಕೆ ಇಂಗ್ಲಿಷಿನಲ್ಲಿ ‘ರಿಲೀಸ್’ ಎನ್ನುತ್ತಾರೆ. ಅದನ್ನು ‘ಬಿಡುಗಡೆ’ ಮಾಡಿದರೆ ಜೈಲಿನ ಬಾಗಿಲೋ ಸಿನಿಮಾ ಪೋಸ್ಟರೋ ನೆನಪಾಗುತ್ತದೆ. ‘ಕೊಸರಿಕೊಳ್ಳು’ ಅಲ್ಲಿಗೆ ಹೇಳಿಮಾಡಿಸಿದ ಮಾತು. ‘ಗೆರೆಯಲ್ಲಿ ಚೆನ್ನಾಗಿ ಕೊಸರಿಕೊಳ್ಳುತ್ತಾನೆ’ ಎಂದು ಬರೆದರೆ ದೃಶ್ಯ ಕಣ್ಣಿಗೆ ಕಟ್ಟುತ್ತದೆ.

ಸೆಪರೇಷನ್‌ಗೆ ಈಗ ನನ್ನ ಒಲವು ‘ಕಳಚಿಕೊಳ್ಳು’ ಕಡೆಗೆ. ಚಲಿಸುವ ರೈಲಿನಿಂದ ಬೋಗಿ ಕಳಚಿಕೊಂಡಿತು ಎನ್ನುತ್ತೇವೆ. ಒಂದೇ ವೇಗದಲ್ಲಿ, ಒಂದೇ ದಿಕ್ಕಿಗೆ ಹೋಗುತ್ತಿದ್ದ ಎರಡರಲ್ಲಿ ಒಂದು ಬೇರೆಯಾಯಿತು ಅಂತ. ಬೆನ್ನುಬಿದ್ದವನನ್ನು ‘ಹೇಗೋ ಕಳಚಿಕೊಂಡು ಬಂದೆ’ ಎನ್ನುವ ಮಾತೂ ಬಳಕೆಯಲ್ಲಿದೆ, ಅಲ್ಲಿ ಜಾಣತನದ ಸುಳಿವೂ ಇದೆ. ‘ಕಾರ್ನರ್‌ಬ್ಯಾಕ್‌ನನ್ನು ಕಳಚಿಕೊಂಡ, ಎರಡು ಗಜ ಅಂತರ ಸಿಕ್ಕಿತು.’ ಈ ಒಂದೇ ವಾಕ್ಯದಲ್ಲಿ ಕಸುಬೂ ಬಂತು, ಅಳತೆಯೂ ಬಂತು. ತೊಂದರೆ ನಾಮಪದದಲ್ಲಿ. ‘ಕಳಚಿಕೊಳ್ಳುವಿಕೆ’ ಎನ್ನುವುದು ಓದಲೂ ಆಗದ, ಹೇಳಲೂ ಆಗದ ಪದ. ‘ಕಳಚು’ ಎಂದಷ್ಟೇ ನಾಮಪದ ಮಾಡಿದರೆ ನಡೆದೀತೆ?

ಈ ವ್ಯತ್ಯಾಸಕ್ಕೆ ಇಷ್ಟೊಂದು ಒತ್ತು ಯಾಕೆ ಎಂದು ಕೇಳುವವರಿಗೆ 2017ರ ಡ್ರಾಫ್ಟ್ ತೋರಿಸುತ್ತೇನೆ. ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಎನ್ನುವ ದೈಹಿಕ ಪರೀಕ್ಷೆ ನಡೆಯುತ್ತದೆ. ಅಲ್ಲಿ ಜಾನ್ ರಾಸ್ ಎಂಬ ರಿಸೀವರ್ 40 ಗಜವನ್ನು 4.22 ಸೆಕೆಂಡಿನಲ್ಲಿ ಓಡಿ ಆಗಿನ ದಾಖಲೆ ಮಾಡಿದ. ಸಿನ್ಸಿನಾಟಿ ತಂಡ ಅವನನ್ನು 9ನೆಯವನಾಗಿ ಆರಿಸಿಕೊಂಡಿತು. ಗಾಯಗಳೂ ಕಾಡಿದವು ನಿಜ, ಆದರೆ ಮೊದಲ ವರ್ಷ ಅವನ ಕೈಗೆ ಒಂದು ಪಾಸ್ (ಎಸೆದ ಚೆಂಡು) ಕೂಡ ಸೇರಲಿಲ್ಲ. ಅದೇ ಡ್ರಾಫ್ಟ್‌ನಲ್ಲಿ ಈಸ್ಟರ್ನ್ ವಾಷಿಂಗ್ಟನ್ ಎಂಬ ಕೆಳ ದರ್ಜೆಯ ಕಾಲೇಜು ತಂಡದ ಕೂಪರ್ ಕಪ್ ಇದ್ದ. ಅವನ 40 ಗಜದ ಓಟ 4.62 ಸೆಕೆಂಡು. ಮೂರನೇ ಸುತ್ತಿನಲ್ಲಿ, 69ನೆಯವನಾಗಿ ರ‍್ಯಾಮ್ಸ್ ತಂಡ ಸೇರಿದ. 2021ರಲ್ಲಿ ಅವನು ಹಿಡಿದದ್ದು 145 ಪಾಸ್, ಗಳಿಸಿದ್ದು 1,947 ಗಜ, 16 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು). ಮೂರರಲ್ಲೂ ಇಡೀ ಲೀಗ್‌ಗೆ ಮೊದಲಿಗ. ಗಡಿಯಾರ ಅಳೆದದ್ದು ನೇರ ಓಟವನ್ನು. ಕಪ್‌ಗೆ ಗೊತ್ತಿದ್ದದ್ದು ಎದುರಾಳಿಯ ಸೊಂಟ ಯಾವಾಗ ತಿರುಗುತ್ತದೆ ಎನ್ನುವುದು.

ಮಿಕ್ಕ ಪದಗಳನ್ನು ಬೇಗ ಮುಗಿಸುತ್ತೇನೆ. ‘ಡ್ರಾಫ್ಟ್’ ಹಾಗೇ ಇರಲಿ. ‘ಕರಡು’ ಎಂದರೆ ಪೂರ್ತಿ ತಪ್ಪು. ‘ಹರಾಜು’ ಎಂದರೆ ಐಪಿಎಲ್ ನೋಡಿದವರು ದುಡ್ಡು ಕೂಗುತ್ತಾರೆ ಎಂದುಕೊಳ್ಳುತ್ತಾರೆ. ಇಲ್ಲಿ ಕೂಗಾಟವಿಲ್ಲ. 32 ತಂಡಗಳು, ಏಳು ಸುತ್ತು, ಹಿಂದಿನ ವರ್ಷ ತೀರಾ ಸೋತವರಿಗೆ ಮೊದಲ ಸರದಿ. ‘ಸ್ಕೌಟ್’ಗೆ ‘ಪ್ರತಿಭಾನ್ವೇಷಕ’ ಎಂಬ ಪದ ಸಿದ್ಧವಾಗಿದೆ. 1985ರಲ್ಲಿ ಮಿಸಿಸಿಪ್ಪಿ ವ್ಯಾಲಿ ಸ್ಟೇಟ್ ಎಂಬ ಸಣ್ಣ ಕಾಲೇಜಿನಿಂದ ಜೆರ್ರಿ ರೈಸ್‌ನಂಥವನನ್ನು ಆರಿಸಿ ತಂದ ಕಾಲಕ್ಕೆ ಅದು ಒಪ್ಪುತ್ತಿತ್ತು. ಈಗ ಎಲ್ಲ ಹುಡುಗರ ಎಲ್ಲ ಆಟವೂ ವಿಡಿಯೋದಲ್ಲಿದೆ, ಅನ್ವೇಷಣೆ ಕಡಿಮೆ, ಒರೆಗೆ ಹಚ್ಚುವುದೇ ಜಾಸ್ತಿ. ಹಾಗಾಗಿ ಕೆಲಸಕ್ಕೆ ‘ಒರೆಗೆ ಹಚ್ಚು’ ಎಂದೂ ಮನುಷ್ಯನಿಗೆ ‘ಸ್ಕೌಟ್’ ಎಂದೂ ಬರೆದಿದ್ದೇನೆ. ಹಿಡಿದ ಚೆಂಡು ಬಿಟ್ಟರೆ ‘ಕೈಚೆಲ್ಲಿದ’, ಇದು ಕ್ರಿಕೆಟ್ ವರದಿಗಾರರು ನಮಗೆ ಕೊಟ್ಟ ಉಡುಗೊರೆ.

ಕೈಯಿಂದ ಹಿಡಿಯದೆ ಚೆಂಡನ್ನು ಮೈಮೇಲೆ ಬರಗೊಟ್ಟು ಹಿಡಿಯುವವನನ್ನು ಸ್ಕೌಟ್‌ಗಳು ಮೆಚ್ಚುವುದಿಲ್ಲ. ಭುಜಕವಚಕ್ಕೆ ಬಡಿದು ಚೆಂಡು ಪುಟಿಯುತ್ತದೆ, ಎದುರಾಳಿಗೂ ಕೈಹಾಕಲು ಹೊತ್ತು ಸಿಗುತ್ತದೆ. ಅಂಥವನಿಗೆ ‘ಎದೆಗವಚಿ ಹಿಡಿಯುವವನು’ ಎಂದಿದ್ದೇನೆ. ಇದರಲ್ಲಿ ಸ್ವಲ್ಪ ಜಾಸ್ತಿ ಪ್ರೀತಿ ಕಾಣುತ್ತದೋ ಏನೋ, ಬೇರೆ ಮಾತಿದ್ದರೆ ಹೇಳಿ.

ಮುಖ್ಯವಾಗಿ ಕಬಡ್ಡಿ ಆಡಿದವರು, ಆಡಿಸಿದವರು ಉತ್ತರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಹಿಡಿದವರ ಕೈಯಿಂದ ಬಿಡಿಸಿಕೊಂಡು ರೈಡರ್ ನಡುಗೆರೆ ಮುಟ್ಟುವುದು ಒಂದು. ಯಾರ ಕೈಗೂ ಮೈ ಕೊಡದೆ, ಒಂದು ಕಡೆ ಹೋಗುವ ಹಾಗೆ ತೋರಿಸಿ ಇನ್ನೊಂದು ಕಡೆಯಿಂದ ಹೊರಬರುವುದು ಇನ್ನೊಂದು. ಈ ಎರಡಕ್ಕೆ ನಿಮ್ಮ ಕಡೆ ಬೇರೆ ಬೇರೆ ಮಾತುಗಳಿವೆಯೆ? ಎರಡನೆಯದಕ್ಕೆ ಮೈದಾನದಲ್ಲಿ ನಿಂತು ಕೂಗುವವರು ಏನೆನ್ನುತ್ತಾರೆ? ಧಾರವಾಡ, ಕಲಬುರಗಿ ಕಡೆಯವರೂ ಮಂಗಳೂರು, ಕುಂದಾಪುರದವರೂ ನಿಮ್ಮೂರಿನ ಮಾತನ್ನೇ ಬರೆಯಿರಿ, ತಿದ್ದಬೇಡಿ.